ಗೋಡೆಯ ಬೆಲೆ, ನೆಲದ ಬೆಲೆ

(ಶೆಟ್ಟಿಹಳ್ಳಿಯಲ್ಲಿ ಸೇರಿದ್ದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶೆಟ್ಟಿಹಳ್ಳಿಯ ಹೆಸರನ್ನು ಹೊರಗಿನವರು ಇಂದು ಬಲ್ಲುದು ನೀರಿನಲ್ಲಿ ನಿಂತ ಒಂದು ಕಟ್ಟಡದಿಂದ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಬಳಿಕ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬುಡದವರೆಗೂ ಕಾಣುತ್ತದೆ. ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಬಂದವರು ಅದರ ಕಮಾನುಗಳ ಚಿತ್ರ ತೆಗೆದುಕೊಂಡು ಮರಳುತ್ತಾರೆ. ಕಮಾನು ನಿಂತಿದೆ. ಅದರ ಕೆಳಗೆ ನೆರೆಯುತ್ತಿದ್ದ ಜನರು ಚದುರಿದರು, ಅವರ ಗದ್ದೆಗಳು ಕೆಸರಿನಡಿಯಲ್ಲಿವೆ.

ಮುಳುಗಡೆಯಾದ ಯಾವ ಊರಿನಲ್ಲಿಯೂ ಮನೆಯ ಬೆಲೆಯನ್ನು ಲೆಕ್ಕಹಾಕುವುದು ಸುಲಭ. ಗೋಡೆಯ ಉದ್ದಗಲ, ಹೆಂಚಿನ ಸಂಖ್ಯೆ, ತೊಲೆಯ ಮರ, ಹಿತ್ತಿಲಿನ ತೆಂಗು ಎಲ್ಲವನ್ನೂ ಅಳೆಯಬಹುದು. ಬಾವಿಗೆ ನೀರು ಯಾವ ಗುಡ್ಡದಿಂದ ಬರುತ್ತಿತ್ತು, ದನ ಮೇಯುತ್ತಿದ್ದ ಗೋಮಾಳ ಎಷ್ಟು ಮನೆಗಳನ್ನು ಸಾಕುತ್ತಿತ್ತು, ಕಳೆ ಕೀಳುವ ಕಾಲಕ್ಕೆ ಯಾರ ಮನೆಯಿಂದ ಮುಯ್ಯಾಳು ಬರುತ್ತಿದ್ದರು ಎಂಬುದಕ್ಕೆ ಪಟ್ಟಿಯಲ್ಲಿ ಕಲಮು ಇರುವುದಿಲ್ಲ. ಈ ಪಾಠವನ್ನು ಕಲಿಯಲು ಹೇಮಾವತಿಯ ದಡದ ಜನರು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಆದರೆ ಅದೇ ಪಾಠವನ್ನು ಈಗ ಇನ್ನೊಂದು ದಿಕ್ಕಿನಿಂದ ಓದಬೇಕಾದ ಪ್ರಸಂಗ ಒದಗಿದೆ.

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳಿಂದ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೋದ ಮಕ್ಕಳಿರುವ ಮನೆಗಳು ಇಂದು ವಿರಳವಲ್ಲ. ಅಲ್ಲಿ ಬಾಡಿಗೆ ಹೆಚ್ಚು. ಊರ ಹೊರವಲಯದ ಯಾವುದೋ ಬಡಾವಣೆಯಲ್ಲಿ ಮನೆಗಳ ಬೆಲೆ ಇಳಿದಿದೆ, ಈಗಲೇ ಕೊಳ್ಳುವುದು ಲೇಸು ಎಂಬ ಮಾತು ಫೋನಿನಲ್ಲಿ ಬರುತ್ತದೆ. ಮುಂಗಡಕ್ಕೆ ಹಣ ಸಾಲದು. ಆಗ ಹಳ್ಳಿಯ ಎರಡು ಎಕರೆಯ ಮೇಲೆ ಕಣ್ಣು ಬೀಳುತ್ತದೆ. ಕಾನೂನಿನ ಅಡ್ಡಿಯೂ ಇಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯು 2004ರಲ್ಲಿ 25 ಸಾವಿರ ಡಾಲರುಗಳ ಮಿತಿಯೊಡನೆ ಆರಂಭವಾಯಿತು. 2015ರಿಂದ ಇಲ್ಲಿನ ನಿವಾಸಿಯೊಬ್ಬರು ಆರ್ಥಿಕ ವರ್ಷವೊಂದಕ್ಕೆ ಎರಡೂವರೆ ಲಕ್ಷ ಡಾಲರುಗಳವರೆಗೆ ಹೊರಗೆ ಕಳುಹಿಸಬಹುದಾಗಿದೆ. ಅದರಿಂದ ಅಲ್ಲಿ ಮನೆ ಕೊಳ್ಳುವುದಕ್ಕೂ ಅವಕಾಶವಿದೆ. ಹೀಗೆ ಶೆಟ್ಟಿಹಳ್ಳಿಯ ಸೀಮೆಯ ರೈತನೊಬ್ಬನು ತಾನೆಂದೂ ಕಾಣದ ದೇಶದ, ತಾನೆಂದೂ ಕಾಣದ ಬಡಾವಣೆಯ ಮನೆಯನ್ನು ತೂಗಿ ನೋಡುವ ಸ್ಥಾನದಲ್ಲಿ ನಿಂತಿದ್ದಾನೆ. ತೂಗಲು ಅವನ ಬಳಿ ಇರುವುದು ಒಂದು ಛಾಯಾಚಿತ್ರ ಮತ್ತು ಒಂದು ಬೆಲೆ.

ಬೆಲೆ ಇಳಿದಿದ್ದರೆ ಅದಕ್ಕೊಂದು ಕಾರಣವಿರಬೇಕಷ್ಟೆ. ಆ ಕಾರಣ ಗೋಡೆಯಲ್ಲಿರುವುದು ಅಪರೂಪ. ಅಮೆರಿಕದ ಫ್ಲಾರಿಡಾ ರಾಜ್ಯದ ಕೇಪ್ ಕೋರಲ್ ಎಂಬ ಊರಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಸಾವಧಾನವಾಗಿ ನೋಡಬೇಕು.

ಲಿಯೊನಾರ್ಡ್ ರೋಸನ್ ಮತ್ತು ಜ್ಯಾಕ್ ರೋಸನ್ ಎಂಬ ಸಹೋದರರು ತಲೆಗೂದಲಿನ ಔಷಧವನ್ನು ಟೆಲಿವಿಷನ್ನಿನಲ್ಲಿ ಪ್ರಚಾರ ಮಾಡಿ ಮಾರಿ ಹಣ ಗಳಿಸಿದವರು. 1957ರಲ್ಲಿ ಅವರು ಫ್ಲಾರಿಡಾದ ಕಡಲಂಚಿನ ಜೌಗುಭೂಮಿಯನ್ನು ಕೊಂಡು, ಅದನ್ನು ನಿವೇಶನಗಳಾಗಿ ತುಂಡರಿಸಿದರು. ಜೌಗಿನಲ್ಲಿ ಮನೆ ನಿಲ್ಲಬೇಕಾದರೆ ನೆಲ ಎತ್ತರವಾಗಬೇಕು. ಆದ್ದರಿಂದ ಕಾಲುವೆಗಳನ್ನು ತೋಡಿ, ಆ ಮಣ್ಣನ್ನೇ ಎರಡೂ ಬದಿಗೆ ಹರಡಿದರು. ಇಂದು ಆ ಊರಿನಲ್ಲಿ ಸುಮಾರು 640 ಕಿಲೋಮೀಟರ್ ಉದ್ದದ ಕಾಲುವೆಗಳಿವೆ. ಕಾಲುವೆ ನೀರು ಹರಿಸಲೆಂದು ಹುಟ್ಟಿದ್ದಲ್ಲ, ಮಣ್ಣು ಒದಗಿಸಲು ಮತ್ತು ಪ್ರತಿ ನಿವೇಶನಕ್ಕೂ 'ನೀರಿನ ದಡ' ಎಂಬ ಹೆಸರು ಕೊಡಲು ಹುಟ್ಟಿದ್ದು. ಒಂದು ಸಾಮಾನ್ಯ ನಿವೇಶನವೆಂದರೆ 80 ಅಡಿ ಅಗಲ, 125 ಅಡಿ ಉದ್ದ. ಈ ಕಡೆಯ ಲೆಕ್ಕದಲ್ಲಿ ಒಂಬತ್ತು ಗುಂಟೆ. ದೂರದ ಚಳಿನಾಡಿನ ಜನರಿಗೆ ಅಂಚೆಯ ಮೂಲಕ, ಪುಕ್ಕಟೆ ಭೋಜನಕೂಟಗಳ ಮೂಲಕ ಇವನ್ನು ಮಾರಲಾಯಿತು. ಕೊಳ್ಳುವವರನ್ನು ಪುಟ್ಟ ವಿಮಾನದಲ್ಲಿ ಕೂರಿಸಿ, ಮೇಲಿನಿಂದ ಹಿಟ್ಟಿನ ಚೀಲವನ್ನು ಎಸೆದು, ಅದು ಬಿದ್ದು ಬೆಳ್ಳಗಾದ ಜಾಗವೇ ತಮ್ಮದೆಂದು ತೋರಿಸುತ್ತಿದ್ದರೆಂದು ಆ ಊರಿನ ಕಥೆ ಹೇಳುವವರು ಇಂದಿಗೂ ನೆನೆಯುತ್ತಾರೆ. 1967ರಲ್ಲಿ ಫ್ಲಾರಿಡಾದ ಅಧಿಕಾರಿಗಳು ಈ ಕಂಪನಿಯ ವ್ಯವಹಾರದಲ್ಲಿ ವಂಚನೆಯನ್ನು ಗುರುತಿಸಿ ಶಿಕ್ಷಿಸಿದ್ದೂ ಉಂಟು. ಆದರೆ ಆ ವೇಳೆಗೆ ನಕ್ಷೆ ಸಿದ್ಧವಾಗಿತ್ತು. ನಕ್ಷೆಯ ತುಂಬ ವಾಸದ ನಿವೇಶನಗಳು. ಅಂಗಡಿಗೆ, ಶಾಲೆಗೆ, ಉದ್ಯೋಗದ ತಾಣಗಳಿಗೆ ಬಿಟ್ಟ ಜಾಗ ತೀರ ಕಡಿಮೆ. ಸಂತೆಮಾಳವಿಲ್ಲದೆ ಒಂದು ಊರನ್ನು ಕಟ್ಟಿದರೆ ಹೇಗೋ ಹಾಗೆ.

ಇಂಥ ಊರಿನ ಬೆಲೆ ಅಲ್ಲಿನ ದುಡಿಮೆಯನ್ನು ಆಧರಿಸಿರುವುದಿಲ್ಲ, ಹೊರಗಿನಿಂದ ಬರುವ ಕೊಳ್ಳುಗರನ್ನು ಆಧರಿಸಿರುತ್ತದೆ. 2005ರ ಹೊತ್ತಿಗೆ ಬೆಲೆ ಶಿಖರ ಮುಟ್ಟಿತು. 2009ರ ವೇಳೆಗೆ ಅರ್ಧಕ್ಕಿಂತ ಕೆಳಗಿಳಿಯಿತು. ಸಾಲ ಕಟ್ಟಲಾಗದೆ ಬ್ಯಾಂಕುಗಳ ವಶವಾದ ಮನೆಗಳ ಪ್ರಮಾಣದಲ್ಲಿ ಆ ಪ್ರದೇಶವು ಇಡೀ ದೇಶದ ಮುಂಚೂಣಿಯಲ್ಲಿತ್ತು. 2009ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮಾ ನೆರೆಯ ಫೋರ್ಟ್ ಮಯರ್ಸ್‌ಗೆ ಹೋಗಿ ಭಾಷಣ ಮಾಡಿದ್ದು ಈ ದುಃಸ್ಥಿತಿಯ ಕಾರಣದಿಂದಲೇ. ಆಗ ಕೆನಡಾದವರು ಮತ್ತಿತರ ಹೊರದೇಶದವರು ಬಂದು ಅಗ್ಗದ ಮನೆಗಳನ್ನು ಕೊಂಡರು. ಅವರಲ್ಲಿ ಕೆಲವರಿಗೆ ಲಾಭವೂ ಆಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಸರಿಯಾದ ಕಾಲಕ್ಕೆ ಮಾರಿದವರಿಗೆ ಎಲ್ಲ ಜೂಜಿನಲ್ಲಿಯೂ ಲಾಭವಿದೆ. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತ ಆ ತೀರವನ್ನು ಅಪ್ಪಳಿಸಿತು. ವಿಮೆಯ ಕಂತು ಏರಿತು. ಊರಿನ ಈಶಾನ್ಯ ಭಾಗದಲ್ಲಿ ಅಂತರ್ಜಲ ಕುಸಿದು, ಮನೆಬಾವಿಗಳನ್ನೇ ನಂಬಿದ್ದವರು ಇನ್ನೂ ಆಳಕ್ಕೆ ಕೊರೆಸಬೇಕಾಯಿತು. ನಗರಸಭೆ ಕೊಳವೆ ನೀರು, ಒಳಚರಂಡಿ ಹಾಕಿದಲ್ಲಿ ಅದರ ವೆಚ್ಚವಾಗಿ ಹತ್ತಾರು ಸಾವಿರ ಡಾಲರುಗಳ ಹೊರೆ ಮನೆಯ ಒಡೆಯನ ತಲೆಗೇ ಬರುತ್ತದೆ. 2025ರಲ್ಲಿ ಮನೆಯ ಬೆಲೆ ಕುಸಿದ ಅಮೆರಿಕದ ಊರುಗಳ ಮಾತು ಬಂದಾಗ ಮತ್ತೆ ಮೊದಲು ಕೇಳಿಬಂದ ಹೆಸರು ಕೇಪ್ ಕೋರಲ್. ಜೌಗನ್ನು ಒಣಗಿಸಿ ಕಟ್ಟಿದ ಊರು, ಕುಡಿಯುವ ನೀರಿಗೆ ಪರದಾಡಿ, ಬಿರುಗಾಳಿಯ ನೀರಿಗೆ ಹೆದರಿ ಬಾಳುತ್ತಿದೆ. ಮನೆಯ ಛಾಯಾಚಿತ್ರದಲ್ಲಿ ಇದಾವುದೂ ಕಾಣುವುದಿಲ್ಲ. ಅಲ್ಲಿ ಕಾಣುವುದು ಹುಲ್ಲುಹಾಸು ಮತ್ತು ಕಾಲುವೆ.

ಹಾಸನ ಸೀಮೆಯ ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿಯನ್ನು ವಿವರಿಸಬೇಕಾಗಿಲ್ಲ. ಮೋಡ ಮುಚ್ಚಿ ಜಡಿಮಳೆ ಹಿಡಿದ ನಾಲ್ಕಾರು ದಿನಗಳಲ್ಲಿ ಎಲೆಯ ಕೆಳಮೈಯಲ್ಲಿ ಬಿಳಿಯ ಬೂಷ್ಟು ಕಾಣಿಸಿಕೊಳ್ಳುತ್ತದೆ. ಬದುವಿನ ಮೇಲೆ ನಿಂತವನಿಗೆ ಹೊಲ ಇನ್ನೂ ಹಸಿರು. ಅವನ ಕಣ್ಣಿಗೆ ಬೀಳುವಷ್ಟರಲ್ಲಿ ರೋಗ ಪಕ್ಕದ ಹೊಲಕ್ಕೆ ದಾಟಿರುತ್ತದೆ. ಇಂಗ್ಲಿಷಿನಲ್ಲಿ ಈ ರೋಗದ ಹೆಸರು ಬ್ಲೈಟ್. ಅಮೆರಿಕದ ನಗರಾಡಳಿತಗಳು ಪಾಳುಬಿದ್ದ ಬಡಾವಣೆಗಳಿಗೆ ಬಳಸುವ ಅಧಿಕೃತ ಪದವೂ ಅದೇ ಎಂಬುದು ಕುತೂಹಲಕರ. ಹೋಲಿಕೆ ಬರಿಯ ಅಲಂಕಾರವಲ್ಲ. ಒಂದು ಮನೆ ಖಾಲಿಯಾದರೆ ಪಕ್ಕದ ಮನೆಯ ಬೆಲೆ ಇಳಿಯುತ್ತದೆ. ಬೆಲೆ ಇಳಿದಾಗ ತೆರಿಗೆಯ ಆದಾಯ ಕುಗ್ಗುತ್ತದೆ. ಅಲ್ಲಿನ ಶಾಲೆಗಳ ಆದಾಯದ ದೊಡ್ಡದೊಂದು ಪಾಲು ಆ ತೆರಿಗೆಯಿಂದ ಬರುವುದರಿಂದ ಶಾಲೆ ಸೊರಗುತ್ತದೆ. ಶಾಲೆ ಸೊರಗಿದಲ್ಲಿ ಮಕ್ಕಳಿರುವ ಕುಟುಂಬ ನಿಲ್ಲುವುದಿಲ್ಲ. ಡೆಟ್ರಾಯಿಟ್ ನಗರದಲ್ಲಿ 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದರು, 2010ರಲ್ಲಿ ಉಳಿದವರು ಸುಮಾರು ಏಳು ಲಕ್ಷ. 2013ರಲ್ಲಿ ನಗರಾಡಳಿತವೇ ದಿವಾಳಿ ಘೋಷಿಸಿಕೊಂಡಿತು. ತೆರಿಗೆ ಬಾಕಿಗಾಗಿ ವಶಪಡಿಸಿಕೊಂಡ ಮನೆಗಳು ಅಲ್ಲಿನ ಹರಾಜಿನಲ್ಲಿ 500 ಡಾಲರ್‌ನಿಂದ ಕೂಗಿಗೆ ಬರುತ್ತಿದ್ದುವು. ಸಮುದ್ರದಾಚೆ ಕುಳಿತು ಅವನ್ನು ಕೊಂಡವರಿದ್ದರು. ಕೊಂಡವನಿಗೆ ಮನೆಯೊಡನೆ ಅದರ ಮುಂದಿನ ತೆರಿಗೆ, ಬಿದ್ದ ಮಾಡು, ಒಡೆದ ಕೊಳವೆ ಕೂಡಿಯೇ ಬಂದುವು. ಆಲೂಗಡ್ಡೆಯ ಅಂಗಮಾರಿಯಿಂದ 1845ರಲ್ಲಿ ಬರಗಾಲ ಕಂಡ ಐರ್ಲೆಂಡಿನಲ್ಲಿಯೇ 2010ರ ಸಮೀಕ್ಷೆಯು 2,800ಕ್ಕೂ ಹೆಚ್ಚು ಅಪೂರ್ಣ ಬಡಾವಣೆಗಳನ್ನು ಎಣಿಸಿತು; ಜನರು ಅವನ್ನು ದೆವ್ವದ ಬಡಾವಣೆಗಳೆಂದು ಕರೆದರು.

ಜಪಾನಿನ ಸಂಗತಿ ಬೇರೆ. ಅಲ್ಲಿ ಕುಗ್ಗಿರುವುದು ಜನಸಂಖ್ಯೆಯೇ. 2023ರ ಸರ್ಕಾರಿ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ, ಒಟ್ಟು ಮನೆಗಳಲ್ಲಿ ಶೇಕಡ 13.8. ಟೋಕಿಯೊ ಹೊರವಲಯದ ತಾಮಾ ಬಡಾವಣೆಗೆ 1971ರಲ್ಲಿ ಮೊದಲ ಕುಟುಂಬಗಳು ಬಂದಾಗ ಅವರು ಯುವಕರು; ಇಂದು ಅದು ವೃದ್ಧರ ಬಡಾವಣೆಯೆಂದೇ ಹೆಸರಾಗಿದೆ. ಹೊರದೇಶದವರು ಜಪಾನಿನಲ್ಲಿ ನೆಲ ಮತ್ತು ಮನೆ ಕೊಳ್ಳಬಹುದು. ಆದರೆ ಮನೆ ಕೊಂಡ ಮಾತ್ರಕ್ಕೆ ಅಲ್ಲಿ ವಾಸಿಸುವ ಹಕ್ಕು ದೊರೆಯದು. ಅಮೆರಿಕದಲ್ಲಿಯೂ ಹಾಗೆಯೇ. ಎಚ್-1ಬಿ ವೀಸಾದಲ್ಲಿ ದುಡಿಯುವವನು ಕೆಲಸ ಕಳೆದುಕೊಂಡರೆ ಬೇರೆ ದಾರಿ ಹುಡುಕಿಕೊಳ್ಳಲು ಅವನಿಗೆ ಸಾಮಾನ್ಯವಾಗಿ ಸಿಗುವ ಅವಧಿ 60 ದಿನ. ಕುಸಿಯುತ್ತಿರುವ ಬಡಾವಣೆಯಲ್ಲಿ ಮನೆಯೊಂದು ಅರವತ್ತು ದಿನಗಳಲ್ಲಿ ಮಾರಾಟವಾಗುವುದೆಂಬ ಭರವಸೆ ಯಾರಿಗೂ ಇಲ್ಲ. ಗದ್ದೆ ಮಾರಿದ ಹಣ ಆಗ ಯಾವ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ ಎಂಬುದನ್ನು ಊಹಿಸಬಹುದು.

ತಂದೆ ತಾಯಿಯ ಹೆಸರಿನಲ್ಲಿ ಅಲ್ಲಿ ಮನೆ ಮಾಡಿದರೆ ಮತ್ತೊಂದು ತೊಡಕಿದೆ. ಅಮೆರಿಕದ ಪ್ರಜೆಯೂ ಅಲ್ಲದೆ ಅಲ್ಲಿ ನೆಲೆಸಿಯೂ ಇಲ್ಲದವರು ಅಲ್ಲಿನ ಮನೆಯನ್ನು ಬಿಟ್ಟು ತೀರಿಕೊಂಡರೆ, ಆ ಆಸ್ತಿಯಲ್ಲಿ 60 ಸಾವಿರ ಡಾಲರುಗಳಿಗೆ ಮೀರಿದ ಮೌಲ್ಯದ ಮೇಲೆ ಮರಣೋತ್ತರ ಆಸ್ತಿ ತೆರಿಗೆ ಬೀಳುತ್ತದೆ. ಅದರ ಗರಿಷ್ಠ ದರ ಶೇಕಡ 40. ಅಲ್ಲಿನ ಪ್ರಜೆಗಳಿಗಾದರೋ 2026ರಿಂದ ಒಂದೂವರೆ ಕೋಟಿ ಡಾಲರುಗಳವರೆಗೆ ವಿನಾಯಿತಿ. ಬದುಕಿರುವಾಗಲೇ ಮಾರಿದರೆ, ಮಾರಾಟದ ಮೊತ್ತದಲ್ಲಿ ಸಾಮಾನ್ಯವಾಗಿ ಶೇಕಡ 15ನ್ನು ತೆರಿಗೆಗಾಗಿ ಮೊದಲೇ ಹಿಡಿದಿಟ್ಟುಕೊಳ್ಳುತ್ತಾರೆ. ಲೆಕ್ಕ ಸಲ್ಲಿಸಿದ ಮೇಲೆ ಹೆಚ್ಚಿನದು ಮರಳುತ್ತದೆ. ಮನೆ ತೋರಿಸುವ ದಲ್ಲಾಳಿ ಇದನ್ನೆಲ್ಲ ಹೇಳುವನೆಂದು ನಿರೀಕ್ಷಿಸಲಾಗದು, ಅದು ಅವನ ವೃತ್ತಿಯೂ ಅಲ್ಲ. ಕೆಲವು ದೇಶಗಳು ಬಾಗಿಲನ್ನೇ ಮುಚ್ಚಿವೆ. ಕೆನಡಾ 2023ರ ಜನವರಿಯಿಂದ, ಆಸ್ಟ್ರೇಲಿಯ 2025ರ ಏಪ್ರಿಲ್‌ನಿಂದ ಹೊರದೇಶದವರ ಮನೆ ಖರೀದಿಗೆ ಕೆಲಕಾಲದ ನಿಷೇಧ ವಿಧಿಸಿದುವು. ತಮ್ಮ ಮಕ್ಕಳಿಗೇ ಮನೆ ಎಟುಕುತ್ತಿಲ್ಲವೆಂಬ ಅಲ್ಲಿನ ಜನರ ಅಳಲು ಇದಕ್ಕೆ ಕಾರಣ. ಆ ಅಳಲು ಮಲೆನಾಡಿನವರಿಗೆ ಅರ್ಥವಾಗದ್ದೇನಲ್ಲ.

ಏಕೆಂದರೆ ಇದೇ ವ್ಯಾಪಾರದ ಇನ್ನೊಂದು ತುದಿ ಸಕಲೇಶಪುರದ ಗುಡ್ಡಗಳಲ್ಲಿದೆ. ಕರ್ನಾಟಕ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯು 79ಎ ಮತ್ತು 79ಬಿ ವಿಧಿಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಹೆಚ್ಚಿನ ಆದಾಯವುಳ್ಳವರೂ ಕೃಷಿಭೂಮಿ ಕೊಳ್ಳಬಾರದೆಂಬ ತಡೆ ಅಲ್ಲಿಗೆ ಮುಗಿಯಿತು. ಅಂದಿನಿಂದ ಕಾಫಿ ತೋಟದ ತುಂಡುಗಳು ನಗರದವರಿಗೆ 'ಫಾರ್ಮ್ ಪ್ಲಾಟ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಕೊಳ್ಳುವವನು ಅಲ್ಲಿಯೂ ಚಿತ್ರ ನೋಡಿಯೇ ಕೊಳ್ಳುತ್ತಾನೆ: ಮಂಜು, ಗುಡ್ಡ, ಹೆಂಚಿನ ಮನೆ. ಗುಡ್ಡವನ್ನು ಕಡಿದು ರಸ್ತೆ ಮಾಡಿದ ಮೇಲೆ ಕೆಳಗಿನ ಒರತೆಗೆ ಏನಾಯಿತೆಂದು ಕೇಳುವವನು ಕೆಳಗಿನ ಗದ್ದೆಯವನು ಮಾತ್ರ. ಫ್ಲಾರಿಡಾದಲ್ಲಿ ಬೀಳಿಸಿದ ಹಿಟ್ಟಿನ ಚೀಲಕ್ಕೂ ಇಲ್ಲಿ ನೆಟ್ಟ ಬಣ್ಣದ ಬಾವುಟಕ್ಕೂ ಹೆಚ್ಚಿನ ಅಂತರವಿಲ್ಲ.

ಹೊರದೇಶದಲ್ಲಿ ಬದುಕು ಕಟ್ಟಿಕೊಂಡ ಮಗನಿಗೋ ಮಗಳಿಗೋ ಅಲ್ಲಿ ಮನೆ ಬೇಡವೆಂದು ಹೇಳುವುದು ಅನ್ಯಾಯವಾದೀತು. ಅವರೂ ತಲೆಯ ಮೇಲೊಂದು ಸೂರು ಬಯಸುವವರೇ. ಆದರೆ ಹಳ್ಳಿಯಿಂದ ಹಣ ಹೊರಡುವ ಮುನ್ನ, ಹಳ್ಳಿಯವರು ಹೆಣ್ಣು ಕೊಡುವ ಮೊದಲು ವಿಚಾರಿಸುವಷ್ಟಾದರೂ ವಿಚಾರಿಸಬೇಕು. ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಆ ಬೀದಿಯಲ್ಲಿ ಎಷ್ಟು ಮನೆ ಖಾಲಿ, ಎಷ್ಟು ವರ್ಷದಿಂದ? ಶಾಲೆಯಲ್ಲಿ ಮಕ್ಕಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ? ಅಲ್ಲಿಯವರು ಯಾವ ಕೆಲಸ ಮಾಡಿ ಉಣ್ಣುತ್ತಾರೆ? ವಿಮೆಯ ಕಂತು ಕಳೆದ ಐದು ವರ್ಷಗಳಲ್ಲಿ ಎಷ್ಟಿತ್ತು? ಈ ಪ್ರಶ್ನೆಗಳಿಗೆ ಇಂಗ್ಲಿಷ್ ಬೇಕಾಗಿಲ್ಲ, ಫೋನಿನಲ್ಲಿ ಕನ್ನಡದಲ್ಲಿಯೇ ಕೇಳಬಹುದು. ಉತ್ತರ ತಿಳಿಯದೆ ಮಗ ತಡವರಿಸಿದರೆ, ಆ ಉತ್ತರ ಹುಡುಕುವವರೆಗೆ ಪತ್ರಕ್ಕೆ ಸಹಿ ಬೀಳದಿರುವುದು ಕ್ಷೇಮ.

ಇನ್ನೊಂದು ಸಂಗತಿ ಪಹಣಿಗೆ ಸಂಬಂಧಿಸಿದ್ದು. ವಿದೇಶಿ ವಿನಿಮಯ ಕಾನೂನಿನಡಿ 2019ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ, ಹೊರದೇಶದಲ್ಲಿ ನೆಲೆಸಿರುವ ಭಾರತೀಯರೂ ಅಲ್ಲಿನ ಪೌರತ್ವ ಪಡೆದ ಭಾರತ ಮೂಲದ ಕಾರ್ಡುದಾರರೂ ಇಲ್ಲಿ ಮನೆ, ನಿವೇಶನ ಕೊಳ್ಳಬಹುದು. ಕೃಷಿಭೂಮಿ, ತೋಟ, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. 2020ರ ರಾಜ್ಯದ ತಿದ್ದುಪಡಿಯು ಈ ಕೇಂದ್ರ ನಿಯಮವನ್ನು ಬದಲಿಸಿಲ್ಲ. ಆದರೆ ಅಂಥ ಭೂಮಿಯನ್ನು ತಂದೆ ತಾಯಿಯಿಂದ ಉತ್ತರಾಧಿಕಾರವಾಗಿ ಪಡೆಯಲು ಅವರಿಗೆ ಅಡ್ಡಿಯಿಲ್ಲ. ಕೇಪ್ ಕೋರಲ್‌ನ ಒಂಬತ್ತು ಗುಂಟೆಗಾಗಿ ಹೇಮಾವತಿಯ ದಡದ ಎರಡು ಎಕರೆಯನ್ನು ಮಾರಿದರೆ, ಆ ಒಂಬತ್ತು ಗುಂಟೆಯನ್ನು ಮುಂದೆ ಯಾರಿಗಾದರೂ ಮಾರಬಹುದು. ಎರಡು ಎಕರೆಯನ್ನು ಮಾತ್ರ ಅಲ್ಲಿಂದ ಮರಳಿ ಕೊಳ್ಳಲು ಆ ಮಗನಿಗೆ ಕಾನೂನು ಬಿಡುವುದಿಲ್ಲ.