ಪಾಠದ ಯಂತ್ರವನ್ನು ಯಾರು ಕೂಡಿ ಮಾಡಬೇಕು?

(ಹೊರ್ತಿಯಲ್ಲಿ ಗಿರಣಿ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮಾಸ್ತರಿಕೆ ಮಾಡುತ್ತಿದ್ದಾಗಿನ ಒಂದು ಸಂಗತಿ ಹೇಳುತ್ತೇನೆ. ನಮ್ಮ ಸಾಲೆಗೆ ಕಂಪ್ಯೂಟರಿನ ಪಾಠಗಳು ಬಂದವು. ಋಣ ಸಂಖ್ಯೆ ಕಲಿಸಲು ಅದರಲ್ಲಿ ಹತ್ತು ಅಂತಸ್ತಿನ ಕಟ್ಟಡದ ಲಿಫ್ಟು ನೆಲದ ಕೆಳಗೂ ಇಳಿಯುತ್ತಿತ್ತು. ಲಿಫ್ಟನ್ನೇ ಕಾಣದ ಹುಡುಗರು ಸುಮ್ಮನೆ ಕುಳಿತರು. ಅಂಗಡಿಯ ಉದ್ದರಿ ಪುಸ್ತಕ ತೋರಿಸಿದ್ದರೆ? ಅಪ್ಪನ ಹೆಸರಿನಲ್ಲಿ 50 ರೂಪಾಯಿ ಉದ್ದರಿ, 30 ಕಟ್ಟಿದೆವು, ಇನ್ನೂ 20 ಋಣ. ಬಡವರ ಮಕ್ಕಳಿಗೆ ಋಣವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ! ಪಾಠ ತಿದ್ದಲು ಹೋದೆ. ಅದಕ್ಕೆ ಬೀಗ ಹಾಕಿತ್ತು.

ಅದನ್ನು ಬರೆದವನು ದುಷ್ಟನೆಂದು ನಾನು ಹೇಳಲಾರೆ. ಅವನನ್ನು ಯಾರೂ ನಮ್ಮ ಸಾಲೆಗೆ ಕಳಿಸಲಿಲ್ಲ, ನಮ್ಮನ್ನು ಯಾರೂ ಅವನ ಬಳಿ ಕರೆಯಲಿಲ್ಲ.

ಯಂತ್ರ ಬಳಸುವವರನ್ನು ಕೇಳದೆ ಯಂತ್ರ ಮಾಡಬಾರದೆಂಬ ಮಾತನ್ನು ಗಟ್ಟಿಯಾಗಿ ಎತ್ತಿದವರು ನಿಮ್ಮಂಥ ಕಾರ್ಮಿಕರೇ. 1970ರ ದಶಕದ ಆರಂಭದಲ್ಲಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘವು ಕ್ರಿಸ್ಟನ್ ನ್ಯೂಗಾರ್ಡ್ ಎಂಬ ವಿಜ್ಞಾನಿಯೊಡನೆ ಕೂಡಿ, ಕಾರ್ಖಾನೆಗೆ ಬರುವ ಕಂಪ್ಯೂಟರನ್ನು ಅಭ್ಯಾಸ ಮಾಡಿತು. 1981ರಲ್ಲಿ ಸ್ವೀಡನ್ ಕಡೆಯ ಮುದ್ರಣ ಕಾರ್ಮಿಕರು ಸಂಶೋಧಕರೊಡನೆ ಕುಳಿತರು. ಯಂತ್ರ ಇನ್ನೂ ಕೈಗೆ ಬಂದಿರಲಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆಯನ್ನೇ ಮುದ್ರಣಯಂತ್ರವೆಂದು ಇಟ್ಟುಕೊಂಡು, ಕೆಲಸ ಹೇಗೆ ಸಾಗೀತೆಂದು ಮಾಡಿ ನೋಡಿದರು.

ಇದೇ ಪದ್ಧತಿ ಸಾಲೆಯ ಮಕ್ಕಳವರೆಗೂ ಬಂತು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಲಿಸನ್ ಡ್ರೂಯಿನ್ ಎಂಬ ಸಂಶೋಧಕಿ 7ರಿಂದ 11 ವರ್ಷದ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಕ್ಕಳ ಪುಸ್ತಕಗಳ ಕಂಪ್ಯೂಟರ್ ಭಂಡಾರವೊಂದನ್ನು ರೂಪಿಸಿದರು. ಅದು 2002ರಲ್ಲಿ ತೆರೆಯಿತು. ಅದರಲ್ಲಿ ಪುಸ್ತಕವನ್ನು ಹೊದಿಕೆಯ ಬಣ್ಣದಿಂದಲೂ ಹುಡುಕಬಹುದಾಗಿತ್ತು. ಯಾವ ಪಂಡಿತನಿಗೆ ಇದು ಹೊಳೆದೀತು?

ನಮ್ಮಲ್ಲೇನೂ ಆಗಿಲ್ಲವೆಂದಲ್ಲ. 2011ರಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಸರಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆ ಕಟ್ಟಿದವು. ಜಿಯೋಜಿಬ್ರಾದಲ್ಲಿ ತ್ರಿಕೋನ ಎಳೆದು, ಅದರ ಮೂಲೆ ಜಗ್ಗಿ ತೋರಿಸಲು ಮಾಸ್ತರರು ಕಲಿತರು. 2013ರಿಂದ ಶಿಕ್ಷಕರೇ ಬರೆದ ಪಾಠಗಳು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಹೆಸರಿನಲ್ಲಿ ಕೂಡಿಬಂದವು. ವಿಕಿಪೀಡಿಯ ನಡೆಯುವ ತಂತ್ರಾಂಶದ ಮೇಲೆಯೇ ಅವು ನಿಂತಿವೆ. ಅಪ್ಪಣೆ ಬೇಡದೆ ನಕಲು ಮಾಡಿಕೊಳ್ಳಬಹುದು, ತಿದ್ದಿ ಬಳಸಬಹುದು. ಆ ಪಂಕ್ತಿಯಲ್ಲಿ ಹುಡುಗರಿಗೂ ಎಲೆ ಹಾಕಬೇಕೆಂಬುದು ನನ್ನ ಹಟ.

ನಿಮ್ಮ ಸಾಲೆಯ ಎಸ್‌ಡಿಎಂಸಿಯಲ್ಲಿ ಪಾಲಕರಾಗಿ ನೀವೇ ಇದ್ದೀರಿ. ಹೊಸ ಪಾಠದ ಸಾಮಾನು ಬಂದಾಗ ಸಹಿ ಮಾಡುವ ಮುಂಚೆ ಕೇಳಿರಿ: ಇದನ್ನು ನಮ್ಮ ಮಾಸ್ತರರು ತಿದ್ದಬಹುದೇ? ಮಕ್ಕಳ ಕೈಗೆ ಕೊಟ್ಟು ನೋಡಿದ್ದೀರಾ? ಅಂಗಡಿಯ ಹಿರಿಯರು ಉದ್ದರಿ ಪುಸ್ತಕದ ಎರಡು ಹಾಳೆಗಳನ್ನು ಹೆಸರು ಮುಚ್ಚಿ ಕೊಟ್ಟರೆ, ಇಲ್ಲಿಯ ಮಾಸ್ತರರು, ಹುಡುಗರು, ನಾನು ಒಟ್ಟಿಗೆ ಕುಳಿತು ಆ ಋಣ ಸಂಖ್ಯೆಯ ಪಾಠವನ್ನು ಬರೆಯುತ್ತೇವೆ.