ಇನ್ಸುಲಿನ್‌ಗೆ ಊಟ ಹಾಕೋದು ನಿಲ್ಲಿಸಿದೆ: ಟೈಪ್ 1 ಡಯಾಬಿಟಿಸ್, ತೂಕ ಮತ್ತು ವ್ಯಾಯಾಮ

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)

ನಾನು ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ತುಮಕೂರಿನವನು, ಎಂಟೆಕ್ ಮುಗಿಸಿ ಪುಣೆಯ ಹಿಂಜವಡಿಯಲ್ಲಿ ಬ್ಯಾಕೆಂಡ್ ಕೋಡ್ ಬರೀತೀನಿ. ವಯಸ್ಸು 36. ಟೈಪ್ 1 ಡಯಾಬಿಟಿಸ್ ಬಂದು 13 ವರ್ಷ ಆಯ್ತು. ನಾನು 86 ಕೆಜಿಯಿಂದ 74ಕ್ಕೆ ಇಳಿದಿದ್ದು ಹೇಗೆ, ಅದಕ್ಕಿಂತ ಮುಖ್ಯವಾಗಿ, ಇಳಿಸೋಕೆ ಹೋಗಿ ಒಂದು ರಾತ್ರಿ ಸಾಯೋ ಹತ್ತಿರ ಹೋಗಿದ್ದು ಹೇಗೆ ಅಂತ ಇವತ್ತು ಹೇಳ್ತೀನಿ.

ಆ ರಾತ್ರಿಯಿಂದಲೇ ಶುರು ಮಾಡ್ತೀನಿ.

ಅವತ್ತು ಭಾನುವಾರ. ತೂಕ ಇಳಿಸಲೇಬೇಕು ಅಂತ ಹಟ ಹಿಡಿದಿದ್ದ ಕಾಲ. ಬೆಳಿಗ್ಗೆ ಸಿಂಹಗಡ ಹತ್ತಿದ್ದೆ. ಪುಣೆಯಲ್ಲಿರೋರಿಗೆ ಗೊತ್ತು, ಮೇಲೆ ಹೋದ್ರೆ ಪಿಠ್ಲ ಭಾಕ್ರಿ, ಮಣ್ಣಿನ ಕುಡಿಕೆಯಲ್ಲಿ ಮೊಸರು. ಚೆನ್ನಾಗಿ ತಿಂದೆ, ಇಳಿದು ಬಂದೆ, ಸಂಜೆ ಇನ್ನೂ ಹುಮ್ಮಸ್ಸಿತ್ತು ಅಂತ ಜಿಮ್‌ಗೂ ಹೋದೆ. ರಾತ್ರಿ ದಿನಾ ಹಾಕೋ ಅಷ್ಟೇ ಇನ್ಸುಲಿನ್ ಹಾಕಿಕೊಂಡು ಮಲಗಿದೆ. ಮಲಗುವಾಗ ಶುಗರ್ 118. ಒಳ್ಳೇ ನಂಬರ್ ಅಂತ ಖುಷಿಯಾಗಿತ್ತು.

ರಾತ್ರಿ 2.40ಕ್ಕೆ ನನ್ನ ರೂಮ್‌ಮೇಟ್‌ಗೆ ಏನೋ ಬಿದ್ದ ಸದ್ದು ಕೇಳಿ ಎಚ್ಚರ ಆಗಿದೆ. ನಾನು ಬೆವರಲ್ಲಿ ನೆಂದು, ಮಂಚದ ಪಕ್ಕ ಕೂತು, ಅರ್ಥವಿಲ್ಲದೆ ಏನೋ ಬಡಬಡಿಸ್ತಾ ಇದ್ದೆನಂತೆ. ರಾಯಚೂರಿನ ಹುಡುಗ, ತುಂಬಾ ಒಳ್ಳೆಯವನು. ಆದರೆ ನಾನು ಅವನಿಗೆ "ನಂಗೆ ಶುಗರ್ ಇದೆ" ಅಂತ ಬಿಟ್ರೆ ಮತ್ತೇನೂ ಹೇಳಿರಲಿಲ್ಲ. ಅವನು ಫ್ರಿಜ್ ತೆಗೆದು ಇನ್ಸುಲಿನ್ ಪೆನ್ ಕೈಗೆ ತಗೊಂಡಿದ್ದಾನೆ. ಪುಣ್ಯಕ್ಕೆ ಎಷ್ಟು ಅಂತ ಗೊತ್ತಿರಲಿಲ್ಲ. ನನ್ನ ಫೋನ್‌ನಿಂದ ಊರಿಗೆ, ಅಮ್ಮನಿಗೆ ಫೋನ್ ಮಾಡಿದ್ದಾನೆ.

"ಅಮ್ಮಾ, ಇವ್ನಿಗೆ ಶುಗರ್ ಜಾಸ್ತಿ ಆಗೇದ ಅನಸ್ತದ. ಇಂಜೆಕ್ಷನ್ ಎಷ್ಟು ಕೊಡಬೇಕ್ರಿ?"

ಅಮ್ಮ ಹೇಳಿದ್ದು: "ಇಂಜೆಕ್ಷನ್ ಮುಟ್ಟಬೇಡ ಕಣಪ್ಪಾ. ಬೆವತಿದಾನಾ? ನುಂಗ್ತಾನಾ ನೋಡು. ನುಂಗೋ ಹಾಗಿದ್ರೆ ಸಕ್ಕರೆ ನೀರು ಕುಡಿಸು. ಫೋನ್ ಇಡಬೇಡ."

ಸಕ್ಕರೆ ನೀರು ಕುಡಿಸಿ ಸ್ವಲ್ಪ ಹೊತ್ತಾದ ಮೇಲೆ ಮೀಟರ್‌ನಲ್ಲಿ ನೋಡಿದ್ರೆ 47. ಅಂದ್ರೆ ಅದಕ್ಕೂ ಮುಂಚೆ ಎಷ್ಟಿತ್ತೋ. ಅವನು ಆ ಪೆನ್ ಚುಚ್ಚಿದ್ದಿದ್ರೆ ಇವತ್ತು ಇಲ್ಲಿ ನಿಂತು ಮಾತಾಡ್ತಾ ಇರಲಿಲ್ಲ. ಅದರಲ್ಲಿ ಅವನ ತಪ್ಪು ಒಂದು ಕೂದಲೆಳೆಯಷ್ಟೂ ಇಲ್ಲ. ತಪ್ಪು ನನ್ನದು.

ನಮ್ಮ ದೇಹದಲ್ಲಿ ಏನು ಬೇರೆ?

ಡಯಾಬಿಟಿಸ್ ಇಲ್ಲದವರು ಓಡೋಕೆ ಶುರು ಮಾಡಿದ ಕೂಡಲೇ ಅವರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಕಡಿಮೆ ಮಾಡುತ್ತೆ. ಆಗ ಲಿವರ್ ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನ ರಕ್ತಕ್ಕೆ ಬಿಡುತ್ತೆ. ಸ್ನಾಯು ಎಷ್ಟು ಎಳೆದುಕೊಳ್ಳುತ್ತೋ ಲಿವರ್ ಅಷ್ಟು ಕೊಡುತ್ತೆ, ಲೆಕ್ಕ ಸರಿ ಹೋಗುತ್ತೆ.

ನಮ್ಮದು ಹಾಗಲ್ಲ. ನಾವು ಹೊರಗಿಂದ ಚುಚ್ಚಿಕೊಂಡ ಇನ್ಸುಲಿನ್‌ಗೆ ನಾವು ಓಡ್ತಿದೀವಿ ಅನ್ನೋದು ಗೊತ್ತಾಗೋದೇ ಇಲ್ಲ. ಊಟಕ್ಕೆ ಹಾಕೋ ವೇಗದ ಇನ್ಸುಲಿನ್ ಮೂರರಿಂದ ಐದು ಗಂಟೆ ಒಳಗೆ ಕೆಲಸ ಮಾಡ್ತಾನೇ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಮಿಟ್ ಮಾಡಿದ ಮೇಲೆ ರೋಲ್‌ಬ್ಯಾಕ್ ಇಲ್ಲ. ಅದು ಒಂದು ಕಡೆ ಲಿವರ್ ಬಾಗಿಲು ಹಾಕಿರುತ್ತೆ, ಇನ್ನೊಂದು ಕಡೆ ಸ್ನಾಯು ಸಕ್ಕರೆ ಎಳೀತಾ ಇರುತ್ತೆ. ಶುಗರ್ ಜರ್ ಅಂತ ಇಳಿಯುತ್ತೆ.

ಎರಡನೇ ವಿಷಯ, ವ್ಯಾಯಾಮ ಮುಗಿದ ಮೇಲೂ ಕಥೆ ಮುಗಿಯಲ್ಲ. ಖಾಲಿಯಾದ ಸ್ನಾಯು ಮುಂದಿನ 24 ಗಂಟೆವರೆಗೂ ಸಕ್ಕರೆ ತುಂಬಿಕೊಳ್ತಾ ಇರುತ್ತೆ, ಇನ್ಸುಲಿನ್‌ನ ಪರಿಣಾಮವೂ ಜಾಸ್ತಿ ಇರುತ್ತೆ. ಬೆಳಿಗ್ಗೆ ಹತ್ತಿದ ಸಿಂಹಗಡದ ಬಿಲ್ ರಾತ್ರಿ 2.40ಕ್ಕೆ ಬಂದಿದ್ದು ಹೀಗೆ.

ತೂಕ ಯಾಕೆ ಇಳೀತಿರಲಿಲ್ಲ?

ನಮ್ಮಲ್ಲಿ ತುಂಬಾ ಜನ "ಇನ್ಸುಲಿನ್ ತಗೊಂಡ್ರೆ ದಪ್ಪ ಆಗ್ತಾರೆ" ಅಂತಾರೆ. ಅದರಲ್ಲಿ ಅರ್ಧ ಮಾತ್ರ ನಿಜ. ಇನ್ಸುಲಿನ್ ಸಾಲದಿದ್ದಾಗ ತಿಂದ ಸಕ್ಕರೆ ಮೂತ್ರದಲ್ಲಿ ಹೋಗ್ತಾ ಇರುತ್ತೆ, ಅದಕ್ಕೇ ಕಾಯಿಲೆ ಗೊತ್ತಾಗೋ ಮೊದಲು ನಾವೆಲ್ಲ ಕಡ್ಡಿ ಆಗಿರ್ತೀವಿ. ಇನ್ಸುಲಿನ್ ಬಂದ ಮೇಲೆ ಆ ಸೋರಿಕೆ ನಿಲ್ಲುತ್ತೆ.

ಇದನ್ನ ಅರ್ಥ ಮಾಡ್ಕೊಂಡ ಕೆಲವರು "ಹಾಗಾದ್ರೆ ಇನ್ಸುಲಿನ್ ಕಡಿಮೆ ಹಾಕಿದ್ರೆ ತೂಕ ಇಳಿಯುತ್ತಲ್ಲ" ಅಂತ ಯೋಚಿಸ್ತಾರೆ. ನಾನೂ ಒಂದು ವಾರ ಆ ಬುದ್ಧಿವಂತಿಕೆ ಮಾಡಿದ್ದೆ. ವಾಂತಿ ಶುರುವಾಗಿ, ಕೀಟೋನ್ ಏರಿ, ಆಸ್ಪತ್ರೆ ಸೇರಿದೆ. ಡಯಾಬಿಟಿಕ್ ಕೀಟೋ ಆಸಿಡೋಸಿಸ್ ಅಂದ್ರೆ ರಕ್ತ ಆಮ್ಲ ಆಗೋದು, ಜೀವ ತೆಗೆಯುತ್ತೆ. ಊಟ ಕಡಿಮೆ ಮಾಡಿ, ಅದಕ್ಕೆ ತಕ್ಕಂತೆ ಡೋಸ್ ಕಡಿಮೆ ಮಾಡೋದು ಸರಿ. ಊಟ ಮಾಡಿ ಡೋಸ್ ಬಿಡೋದು ತೂಕ ಇಳಿಸೋ ದಾರಿ ಅಲ್ಲವೇ ಅಲ್ಲ. ಯಾರಾದ್ರೂ ಗುಟ್ಟಾಗಿ ಹೀಗೆ ಮಾಡ್ತಾ ಇದ್ರೆ ದಯವಿಟ್ಟು ಇವತ್ತೇ ನಿಮ್ಮ ಡಾಕ್ಟರ್‌ಗೆ ಹೇಳಿ. ನಾಚಿಕೆ ಪಡೋ ವಿಷಯ ಅಲ್ಲ ಇದು.

ಹಾಗಾದ್ರೆ ನನ್ನ ತೊಂದರೆ ಎಲ್ಲಿತ್ತು? ಆ ರಾತ್ರಿ ಆದ ಮೇಲೆ ಎರಡು ವಾರ ಏನೂ ಬದಲಾಯಿಸದೆ ಬರೀ ಲಾಗ್ ಬರೆದೆ. ಊಟ, ಡೋಸ್, ನಡಿಗೆ, ಶುಗರ್, ಎಲ್ಲಾ ಒಂದು ಶೀಟ್‌ನಲ್ಲಿ. ಆಗ ಕಂಡಿದ್ದು ಇದು. ವಾರಕ್ಕೆ 9 ಸಲ ಶುಗರ್ 70ಕ್ಕಿಂತ ಕೆಳಗೆ ಹೋಗ್ತಾ ಇತ್ತು. ಪ್ರತಿ ಸಲ ಕೈ ನಡುಗುತ್ತೆ, ಹೆದರಿಕೆ ಆಗುತ್ತೆ, ಕೈಗೆ ಸಿಕ್ಕಿದ್ದು ತಿಂತೀನಿ: ಅರ್ಧ ಪ್ಯಾಕೆಟ್ ಬಿಸ್ಕತ್ತು, ಒಂದು ಬಾಳೆಹಣ್ಣು, ಮೇಲೊಂದು ಲೋಟ ಜ್ಯೂಸ್. ಸುಮಾರು 400 ಕ್ಯಾಲೊರಿ. ಒಂಬತ್ತು ಸಲಕ್ಕೆ 3600. ನಾಲ್ಕು ದಿನ ಬೆವರು ಸುರಿಸಿ ನಡೆದು ಸುಟ್ಟಿದ್ದು ಹೆಚ್ಚಂದ್ರೆ 1400.

ನಾನು ಹಸಿವಿಗೆ ತಿಂತಾ ಇರಲಿಲ್ಲ ಸ್ವಾಮಿ. ಜಾಸ್ತಿ ಆದ ಇನ್ಸುಲಿನ್‌ಗೆ ಊಟ ಹಾಕ್ತಾ ಇದ್ದೆ.

ನಾನು ಬದಲಾಯಿಸಿದ್ದು

ಒಂದು, ಲೋ ಆದಾಗ ಲೆಕ್ಕ ಮಾಡಿ ತಿನ್ನೋದು. 70ಕ್ಕಿಂತ ಕೆಳಗೆ ಬಂದ್ರೆ 15 ಗ್ರಾಂ ಗ್ಲೂಕೋಸ್, 15 ನಿಮಿಷ ಕಾಯೋದು, ಮತ್ತೆ ಚೆಕ್ ಮಾಡೋದು, ಇನ್ನೂ ಕೆಳಗಿದ್ರೆ ಇನ್ನೊಂದು 15 ಗ್ರಾಂ. ಮನೆಯಲ್ಲಿ ಅಡುಗೆ ತಕ್ಕಡಿ ಇಟ್ಟು, ಗ್ಲೂಕೋಸ್ ಪುಡಿಯನ್ನ 15 ಗ್ರಾಂನ ಚಿಕ್ಕ ಪೊಟ್ಟಣ ಮಾಡಿ ಜೇಬಲ್ಲಿ, ಬ್ಯಾಗಲ್ಲಿ, ಆಫೀಸ್ ಡ್ರಾದಲ್ಲಿ ಇಟ್ಟಿದೀನಿ. ಒಂದು ಪೊಟ್ಟಣ 60 ಕ್ಯಾಲೊರಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತೆ. ಆ 15 ನಿಮಿಷ ಕಾಯೋದಿದೆಯಲ್ಲ, ಅದು ಯುಗ ಕಳೆದ ಹಾಗಿರುತ್ತೆ. ಆದ್ರೂ ಕಾಯಬೇಕು.

ಎರಡು, ಲೋ ಆಗೋದನ್ನೇ ತಪ್ಪಿಸೋದು. ನಾನು ರಾತ್ರಿ 8ಕ್ಕೆ ಊಟ ಮಾಡಿ, ಪೂರ್ತಿ ಡೋಸ್ ಹಾಕಿ, 8.30ಕ್ಕೆ ವಾಕಿಂಗ್ ಹೋಗ್ತಿದ್ದೆ. ಇನ್ಸುಲಿನ್ ಜೋರಾಗಿ ಕೆಲಸ ಮಾಡೋ ಹೊತ್ತಲ್ಲೇ ಜೋರಾಗಿ ನಡೀತಿದ್ದೆ. ಟೈಪ್ 1 ಇರೋರ ವ್ಯಾಯಾಮದ ಬಗ್ಗೆ 2017ರಲ್ಲಿ ಲ್ಯಾನ್ಸೆಟ್ ಡಯಾಬಿಟಿಸ್ ಪತ್ರಿಕೆಯಲ್ಲಿ ತಜ್ಞರ ಒಮ್ಮತದ ಸಲಹೆ ಪ್ರಕಟವಾಗಿದೆ. ಅದರ ಪ್ರಕಾರ ಊಟ ಆಗಿ ಒಂದೂವರೆ ಗಂಟೆ ಒಳಗೆ ವ್ಯಾಯಾಮ ಮಾಡೋದಾದ್ರೆ, ಆ ಊಟದ ಡೋಸನ್ನ ಶ್ರಮಕ್ಕೆ ತಕ್ಕಂತೆ ಶೇಕಡ 25ರಿಂದ 75ರವರೆಗೆ ಕಡಿಮೆ ಮಾಡಬೇಕಾಗಬಹುದು. ನಿಮಗೆ ಎಷ್ಟು ಅನ್ನೋದು ಡಾಕ್ಟರ್ ಜೊತೆ ಕೂತು, ನಿಮ್ಮ ಲಾಗ್ ತೋರಿಸಿ ತೀರ್ಮಾನ ಮಾಡಿ. ನಾನು ಇನ್ನೊಂದು ಸುಲಭ ದಾರಿ ಹಿಡಿದೆ, ವ್ಯಾಯಾಮವನ್ನ ಬೆಳಿಗ್ಗೆ ತಿಂಡಿಗೆ ಮೊದಲು ಇಟ್ಟುಕೊಂಡೆ. ಆ ಹೊತ್ತಲ್ಲಿ ಊಟದ ಇನ್ಸುಲಿನ್ ದೇಹದಲ್ಲಿ ಇರಲ್ಲ, ಶುಗರ್ ಅಷ್ಟಾಗಿ ಬೀಳಲ್ಲ.

ಮೂರು, ಶುರು ಮಾಡೋ ಮೊದಲು ನಂಬರ್ ನೋಡೋದು. 90ಕ್ಕಿಂತ ಕಡಿಮೆ ಇದ್ರೆ ಹೊರಡಲ್ಲ. 15 ಗ್ರಾಂ ಗ್ಲೂಕೋಸ್ ತಗೊಂಡು, ಏರಿದ ಮೇಲೆ ಹೊರಡ್ತೀನಿ. 90ರಿಂದ 125 ಇದ್ರೆ ಸುಮಾರು 10 ಗ್ರಾಂ. 125ರಿಂದ 180 ಇದ್ರೆ ಹಾಗೇ ಹೊರಡೋದು. ಅದಕ್ಕಿಂತ ಸ್ವಲ್ಪ ಮೇಲಿದ್ರೂ ಪರವಾಗಿಲ್ಲ. ಕಾರಣ ಗೊತ್ತಿಲ್ಲದೆ 270 ದಾಟಿದ್ರೆ ಕೀಟೋನ್ ಚೆಕ್. ರಕ್ತದ ಕೀಟೋನ್ 1.5 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ವ್ಯಾಯಾಮ ಇಲ್ಲ, ಡಾಕ್ಟರ್‌ಗೆ ಫೋನ್. ಹಿಂದಿನ 24 ಗಂಟೆಯಲ್ಲಿ ಬೇರೆಯವರ ಸಹಾಯ ಬೇಕಾಗೋ ಅಷ್ಟು ಲೋ ಆಗಿದ್ರೂ ವ್ಯಾಯಾಮ ಇಲ್ಲ.

ಸಿಜಿಎಂ ಸೆನ್ಸರ್ ಹಾಕಿಕೊಂಡಿರೋರು ಒಂದು ನೆನಪಿಡಿ. ಅದು ಅಳೆಯೋದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನ. ಓಡುವಾಗ ಶುಗರ್ ಬೇಗ ಬೀಳ್ತಿದ್ರೆ ಸೆನ್ಸರ್ ಹಿಂದೆ ಉಳಿಯುತ್ತೆ. ಅದು 85 ತೋರಿಸಿ ಬಾಣ ಕೆಳಗಿದ್ರೆ, ನಿಜವಾಗಿ 65 ಇರಬಹುದು. ಸಂಶಯ ಬಂದ್ರೆ ಬೆರಳು ಚುಚ್ಚಿ ನೋಡಿ.

ನಾಲ್ಕು, ಎಲ್ಲಾ ವ್ಯಾಯಾಮ ಒಂದೇ ಥರ ಅಲ್ಲ. ನಡಿಗೆ, ಜಾಗಿಂಗ್, ಸೈಕಲ್ ಶುಗರ್ ಇಳಿಸುತ್ತೆ. ಭಾರ ಎತ್ತೋದು, ಜೋರು ಓಟ, ಬ್ಯಾಡ್ಮಿಂಟನ್ ಮ್ಯಾಚ್, ಇವೆಲ್ಲ ಅಡ್ರಿನಲಿನ್‌ನಿಂದ ಸ್ವಲ್ಪ ಹೊತ್ತು ಶುಗರ್ ಏರಿಸಬಹುದು. ನಾನು ಮೊದಮೊದಲು ಜಿಮ್ ಆದ ಮೇಲೆ 220 ನೋಡಿ ಗಾಬರಿಯಾಗಿ ಪೂರ್ತಿ ಕರೆಕ್ಷನ್ ಡೋಸ್ ಹಾಕ್ತಿದ್ದೆ, ಎರಡು ಗಂಟೆ ಆದ ಮೇಲೆ 60. ಈಗ ಕಾಯ್ತೀನಿ, ತೀರಾ ಬೇಕಾದ್ರೆ ಅರ್ಧ. ಎರಡೂ ಒಂದೇ ದಿನ ಮಾಡೋದಾದ್ರೆ ಮೊದಲು ಭಾರ, ಆಮೇಲೆ ಓಟ. ಆಗ ಬೀಳೋದು ಕಡಿಮೆ. ಓಡೋ ಮೊದಲು ತೊಡೆಗೆ ಇಂಜೆಕ್ಷನ್ ಚುಚ್ಚಬೇಡಿ, ಕೆಲಸ ಮಾಡೋ ಸ್ನಾಯುವಿನ ಹತ್ತಿರ ಇನ್ಸುಲಿನ್ ಬೇಗ ಹೀರಿಕೊಳ್ಳುತ್ತೆ.

ಐದು, ರಾತ್ರಿ. ಜಾಸ್ತಿ ಶ್ರಮ ಪಟ್ಟ ದಿನ ದೀರ್ಘಾವಧಿಯ ಇನ್ಸುಲಿನ್ ಸುಮಾರು ಶೇಕಡ 20 ಕಡಿಮೆ ಮಾಡೋದು ಒಂದು ಉಪಾಯ. ಆದರೆ ನಿಮ್ಮದು ಡೆಗ್ಲುಡೆಕ್ ಆಗಿದ್ರೆ ಅದು 42 ಗಂಟೆಗೂ ಮೀರಿ ಕೆಲಸ ಮಾಡೋದರಿಂದ ಒಂದು ರಾತ್ರಿ ಕಡಿಮೆ ಮಾಡಿದ್ರೆ ಆ ರಾತ್ರಿಗೆ ಉಪಯೋಗ ಇಲ್ಲ. ಅಂಥವರಿಗೆ ಮಲಗೋ ಮೊದಲು ಸ್ವಲ್ಪ ತಿನ್ನೋದು, ರಾತ್ರಿ ಊಟದ ಡೋಸ್ ಕಡಿಮೆ ಮಾಡೋದು, ಅಲಾರಂ ಇಡೋದೇ ದಾರಿ. ನಾನು ಟ್ರೆಕ್ ಹೋದ ದಿನ 2 ಗಂಟೆಗೆ ಅಲಾರಂ ಇಡ್ತೀನಿ. ಆನ್‌ಕಾಲ್ ಡ್ಯೂಟಿಗೆ ಎದ್ದೇಳೋ ನಮಗೆ ಇದೇನು ಮಹಾ.

ಮುದ್ದೆ ವಿಷಯ

ಊರಲ್ಲಿ ಎಲ್ಲರೂ ಹೇಳೋದು "ಅನ್ನ ಬಿಡು, ಮುದ್ದೆ ತಿನ್ನು, ಶುಗರ್ ಬರಲ್ಲ." ನಾನು ತುಮಕೂರಿನವನು, ಮುದ್ದೆ ಮೇಲೆ ನನಗೇನೂ ದ್ವೇಷ ಇಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅಕ್ಕಿಯಲ್ಲಿ 78ರ ಹತ್ತಿರ. ರಾಗಿಯಲ್ಲಿ ನಾರು, ಕ್ಯಾಲ್ಶಿಯಂ ಜಾಸ್ತಿ, ಒಪ್ಪಿದೆ. ಇನ್ಸುಲಿನ್ ಲೆಕ್ಕಕ್ಕೆ ಮಾತ್ರ ಇಬ್ಬರೂ ಅಣ್ಣತಮ್ಮಂದಿರೇ. ಹಾಗಾಗಿ ನಾನು ಏನನ್ನೂ ಬಿಡಲಿಲ್ಲ, ತೂಗೋಕೆ ಶುರು ಮಾಡಿದೆ. ಅನ್ನ ಅರ್ಧ ಮಾಡಿ, ಹುರುಳಿಕಾಳು, ಮೊಟ್ಟೆ, ಸೊಪ್ಪಿನ ಪಲ್ಯ ಜಾಸ್ತಿ ಮಾಡಿದೆ. ಒಟ್ಟು ಊಟದಲ್ಲಿ ದಿನಕ್ಕೆ 300–400 ಕ್ಯಾಲೊರಿ ಕಡಿಮೆ ಅಷ್ಟೇ.

ತೂಕ ಇಳೀತಾ ಹೋದ ಹಾಗೆ ಇನ್ಸುಲಿನ್ ಅಗತ್ಯವೂ ಇಳಿಯುತ್ತೆ. ನನ್ನ ದಿನದ ಒಟ್ಟು ಡೋಸ್ 58 ಯೂನಿಟ್ ಇದ್ದಿದ್ದು 41ಕ್ಕೆ ಬಂತು. ಹಳೇ ಡೋಸನ್ನೇ ಮುಂದುವರಿಸಿದ್ರೆ ಮತ್ತೆ ಲೋ, ಮತ್ತೆ ಬಿಸ್ಕತ್ತು. ಅದಕ್ಕೇ ಎರಡು ಮೂರು ಕೆಜಿ ಇಳಿದಾಗಲೆಲ್ಲ ಡಾಕ್ಟರ್ ಹತ್ತಿರ ಹೋಗಿ ಡೋಸ್ ನೋಡಿಸಿದೆ. 12 ಕೆಜಿಗೆ 14 ತಿಂಗಳು ಹಿಡೀತು. ಈಗ ಲೋ ವಾರಕ್ಕೆ ಒಂದೋ ಎರಡೋ. ಶುರು ಮಾಡೋ ಮೊದಲು ನೀವೂ ಕಣ್ಣು, ಪಾದ, ಕಿಡ್ನಿ, ಬಿಪಿ ತೋರಿಸಿಕೊಳ್ಳಿ. ಕಣ್ಣಿನ ರೆಟಿನಾಗೆ ಜೋರು ತೊಂದರೆ ಇದ್ದವರು ಭಾರ ಎತ್ತೋದು ಅಪಾಯ.

ಇದೆಲ್ಲ ಓದಿ "ಇಷ್ಟೊಂದು ತಲೆನೋವಾದ್ರೆ ಸುಮ್ಮನೆ ಕೂತಿರೋದೇ ವಾಸಿ" ಅನ್ನಿಸಬಹುದು. ವಾಸೀಂ ಅಕ್ರಂಗೆ 1997ರಲ್ಲಿ ಟೈಪ್ 1 ಗೊತ್ತಾಯ್ತು, ಆಮೇಲೂ ವರ್ಷಗಟ್ಟಲೆ ಬೌಲಿಂಗ್ ಮಾಡಿದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ 1999ರಲ್ಲಿ ಗೊತ್ತಾಯ್ತು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನಾವು ಬೆಟ್ಟ ಹತ್ತಿ ಇಳಿಯೋದಕ್ಕೇನೂ ಅಡ್ಡಿಯಿಲ್ಲ.

ಊರಿಂದ ದೂರ ಇರೋ ನಮಗೆ

ಕೊನೇದಾಗಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಯಲ್ಲಿ ಒಬ್ಬೊಬ್ಬರೇ ಇರೋರಿಗೆ ಒಂದು ಮಾತು. ಆಫೀಸಲ್ಲಿ, ರೂಮಲ್ಲಿ ಹೇಳೋಕೆ ಮುಜುಗರ ಅಂತ ನಾನು ವರ್ಷಗಟ್ಟಲೆ ಮುಚ್ಚಿಟ್ಟಿದ್ದೆ. ಈಗ ನನ್ನ ಪರ್ಸ್‌ನಲ್ಲಿ ಒಂದು ಕಾರ್ಡ್ ಇದೆ, ಮರಾಠಿ ಮತ್ತು ಹಿಂದಿಯಲ್ಲಿ. ನಾನು ರಸ್ತೆಯಲ್ಲಿ ಬಿದ್ರೆ ಎತ್ತೋರು ಕನ್ನಡದವರಾಗಿರಲ್ಲವಲ್ಲ. ಅದರಲ್ಲಿ ಬರೆದಿರೋದು ನಾಲ್ಕೇ ಸಾಲು: ನನಗೆ ಟೈಪ್ 1 ಡಯಾಬಿಟಿಸ್ ಇದೆ. ತೊದಲುತ್ತಿದ್ದರೆ, ಬೆವರುತ್ತಿದ್ದರೆ ಸಕ್ಕರೆ ಕೊಡಿ, ಇನ್ಸುಲಿನ್ ಕೊಡಬೇಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಮಲಗಿಸಿ. 112ಕ್ಕೆ ಫೋನ್ ಮಾಡಿ.

ನಿಮ್ಮ ಊರಿನ ಭಾಷೆಯಲ್ಲಿ ಇವತ್ತೇ ಒಂದು ಬರೆಸಿಕೊಳ್ಳಿ. ಪಕ್ಕದ ರೂಮಿನವರಿಗೆ, ಜಿಮ್ ಟ್ರೇನರ್‌ಗೆ, ಟೀಮ್‌ನಲ್ಲಿ ಒಬ್ಬರಿಗೆ ಗ್ಲೂಕೋಸ್ ಎಲ್ಲಿದೆ ಅಂತ ತೋರಿಸಿ. ಐದು ನಿಮಿಷದ ಕೆಲಸ.

ಆ ರಾಯಚೂರಿನ ಗೆಳೆಯ ಈಗ ಬೇರೆ ಕಂಪನಿ, ಬೇರೆ ಮನೆ. ಆದ್ರೂ ಸಿಂಹಗಡಕ್ಕೆ ಜೊತೆಗೇ ಹೋಗ್ತೀವಿ. ಅವನ ಜೇಬಲ್ಲೂ ಎರಡು ಪೊಟ್ಟಣ ಇರುತ್ತೆ, ನಾನು ಕೇಳದೇನೇ. ಮೇಲೆ ಹೋದ ಮೇಲೆ ಮೊಸರು ತಿನ್ನೋ ಮೊದಲು ಕೇಳ್ತಾನೆ, "ಎಷ್ಟ್ ಐತಲೇ ಈಗ?" ರಾತ್ರಿ ಅಮ್ಮನೂ ಫೋನ್ ಮಾಡಿ ಅದನ್ನೇ ಕೇಳ್ತಾರೆ.