ಭ್ರೂಣದೊಳಗಿನ ಕರೆಂಟು

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಲೆಗೆ ಐವತ್ತು ತುಂಬಿದ ಈ ಹಬ್ಬದಲ್ಲಿ ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಲು ಸಮಿತಿಯವರು ಹೇಳಿದ್ದಾರೆ. ಹೊಟ್ಟೆಯಲ್ಲಿ ಮೂಡುವ ಕೂಸಿಗೂ ಕರೆಂಟಿಗೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ನಾನು ಆರಿಸಿಕೊಂಡಿದ್ದೇನೆ.

ಕರೆಂಟು ಎಂದರೆ ನಮಗೆ ಕಂಬ, ತಂತಿ, ಪಂಪ್‌ಸೆಟ್ಟು ನೆನಪಾಗುತ್ತವೆ. ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನು. ಜೀವಿಗಳ ಮೈಯಲ್ಲಿ ಹರಿಯುವುದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ನಂಥ ಅಯಾನುಗಳು. ಜೀವಕೋಶದ ಪೊರೆಯಲ್ಲಿರುವ ಸಣ್ಣ ಪಂಪುಗಳು ಸೋಡಿಯಂ ಅನ್ನು ಹೊರಗೆ ತಳ್ಳಿ ಪೊಟ್ಯಾಸಿಯಂ ಅನ್ನು ಒಳಗೆ ಎಳೆಯುತ್ತಲೇ ಇರುತ್ತವೆ. ಕೋಶಗಳು ಒತ್ತಾಗಿ ಸೇರಿ ಹಾಳೆಯಂತಾದಾಗ ಅದರ ಎರಡು ಬದಿಗಳ ನಡುವೆ ವೋಲ್ಟೇಜು ಏರ್ಪಡುತ್ತದೆ. ಹಾಳೆಯ ಬಿಗಿ ಎಲ್ಲಿ ಸಡಿಲವೋ ಅಲ್ಲಿ ಪ್ರವಾಹ ಸೋರುತ್ತದೆ, ಕೆರೆಯ ಏರಿ ಬಿರುಕು ಬಿಟ್ಟ ಕಡೆ ನೀರು ಜಿನುಗಿದ ಹಾಗೆ.

ಇಷ್ಟು ಸಣ್ಣ ಪ್ರವಾಹವನ್ನು ಅಳೆಯುವುದು ಹೇಗೆ? 1974ರಲ್ಲಿ ಅಮೆರಿಕದ ಲಯೊನೆಲ್ ಜಾಫಿ ಮತ್ತು ರಿಚರ್ಡ್ ನುಚಿಟೆಲ್ಲಿ ಒಂದು ಉಪಕರಣವನ್ನು ಪ್ರಕಟಿಸಿದರು. ಅದರ ಲೋಹದ ತುದಿ ಕೂದಲೆಳೆಗಿಂತ ಸಣ್ಣದು. ಅದು ಭ್ರೂಣದ ಪಕ್ಕದ ದ್ರವದಲ್ಲಿ ಸೆಕೆಂಡಿಗೆ ನೂರಾರು ಬಾರಿ ಕಂಪಿಸುತ್ತ, ಎರಡು ಬಿಂದುಗಳ ನಡುವಿನ ವೋಲ್ಟೇಜಿನ ವ್ಯತ್ಯಾಸವನ್ನು ಹಿಡಿಯುತ್ತದೆ.

1979ರಲ್ಲಿ ಜಾಫಿ ಮತ್ತು ಸ್ಟರ್ನ್ ಇದನ್ನು ಕೋಳಿಯ ಭ್ರೂಣದ ಮೇಲೆ ಬಳಸಿದರು. ಭ್ರೂಣ ಇನ್ನೂ ಬರಿಯ ಹಾಳೆಯಾಗಿರುವಾಗ ಅದರಲ್ಲಿ ಒಂದು ಗೆರೆ ಮೂಡುತ್ತದೆ. ಅದನ್ನು ಆದಿರೇಖೆ ಎನ್ನೋಣ. ಕೋಶಗಳು ಆ ಗೆರೆಯಲ್ಲಿ ಒಳಗಿಳಿದು ಮೂಳೆ, ಮಾಂಸ, ಕರುಳುಗಳಿಗೆ ಬೇಕಾದ ಪದರಗಳಾಗುತ್ತವೆ. ಗಟ್ಟಿಯಾದ ಪ್ರವಾಹ ಹೊರಬರುತ್ತಿದ್ದುದು ಅದೇ ಗೆರೆಯಿಂದ. 1989ರಲ್ಲಿ ವಿಂಕೆಲ್ ಮತ್ತು ನುಚಿಟೆಲ್ಲಿ ಏಳೂವರೆ ದಿನದ ಇಲಿಯ ಭ್ರೂಣದಲ್ಲೂ ಇದನ್ನೇ ಕಂಡರು. ಇಲಿ ನಮ್ಮಂತೆ ಸಸ್ತನಿ. ಮನುಷ್ಯ ಭ್ರೂಣದಲ್ಲಿ ಈ ಗೆರೆ ಮೂಡುವುದು ಸುಮಾರು 15ನೆಯ ದಿನಕ್ಕೆ, ತಾಯಿಗೆ ತಾನು ಬಸುರಿ ಎಂದು ಇನ್ನೂ ತಿಳಿದಿರದ ಹೊತ್ತಿನಲ್ಲಿ.

ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಟ್ಟಿನ ಗಿರಣಿ ಓಡುವಾಗ ಸದ್ದು ಬರುತ್ತದೆ, ಆದರೆ ಹಿಟ್ಟು ಬೀಸುವುದು ಸದ್ದಲ್ಲ. ಹಾಗೆಯೇ ಈ ಪ್ರವಾಹ ಕೆಲಸ ಮಾಡುವ ಕಲ್ಲೋ, ಬರಿಯ ಸದ್ದೋ? ಅಳೆದ ಮಾತ್ರಕ್ಕೆ ಇದು ತಿಳಿಯುವುದಿಲ್ಲ, ಪ್ರವಾಹದ ದಾರಿ ತಪ್ಪಿಸಿ ನೋಡಬೇಕು. 1992ರಲ್ಲಿ ಹೋಟರಿ ಮತ್ತು ರಾಬಿನ್‌ಸನ್ ಕೋಳಿಯ ಭ್ರೂಣಗಳಲ್ಲಿ ಸಣ್ಣ ಟೊಳ್ಳು ಕೊಳವೆ ಇಟ್ಟರು. ಪ್ರವಾಹ ಅದರೊಳಗೆ ಅಡ್ಡದಾರಿ ಹಿಡಿಯಿತು. ಬೇರೆ ಭ್ರೂಣಗಳಲ್ಲಿ ಪ್ರವಾಹ ದಾಟಲಾಗದ ಗಟ್ಟಿ ಕಡ್ಡಿ ಇಟ್ಟರು. ಕೊಳವೆ ಇಟ್ಟವುಗಳಲ್ಲಿ ಹೆಚ್ಚಿನವು ಊನವಾದವು, ಅದರಲ್ಲೂ ಬಾಲದ ಭಾಗ. ಕಡ್ಡಿ ಇಟ್ಟವುಗಳಲ್ಲಿ ಹಾಗಾದವು ಕೆಲವೇ. ಆ ಕಡ್ಡಿ ಇಲ್ಲದಿದ್ದರೆ, ಗಾಯದಿಂದಲೇ ಊನವಾಯಿತು ಎಂದು ಯಾರಾದರೂ ಹೇಳಬಹುದಿತ್ತು.

ಸಸ್ತನಿಯ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡಿರುತ್ತದೆ. ಮೊಟ್ಟೆಗೆ ಕಿಂಡಿ ಕೊರೆದಂತೆ ಅಲ್ಲಿ ಕೈಹಾಕಲಾಗದು. ಆದ್ದರಿಂದ ಇಲಿಯಲ್ಲಿ ಪ್ರವಾಹವಿರುವುದು ಅಳೆದ ಸತ್ಯ, ಅದು ಅಂಗ ಕಟ್ಟಲು ನೆರವಾಗುತ್ತದೆ ಎನ್ನುವುದು ಕೋಳಿಯನ್ನು ನೋಡಿ ಮಾಡಿದ ಊಹೆ. ಎರಡರ ತೂಕ ಒಂದೇ ಅಲ್ಲ.

ಈ ವ್ಯತ್ಯಾಸ ನಮ್ಮ ಮನೆಗಳಿಗೂ ಬೇಕು. ಕೂಸಿನ ಮೈಯಲ್ಲಿ ಕರೆಂಟಿದೆ ಎಂಬ ಮಾತು ಹಿಡಿದು ನಾಳೆ ಯಾರಾದರೂ ಬಸುರಿಯರಿಗೆ ಅಯಸ್ಕಾಂತದ ಬಳೆ ಮಾರಲು ಬಂದರೆ, ಬಳೆ ತೊಟ್ಟವರನ್ನೂ ತೊಡದವರನ್ನೂ ಹೋಲಿಸಿ ನೋಡಿದ್ದೀರಾ ಎಂದು ಕೇಳಿ.

ಹಾಗೆ ಹೋಲಿಸಿ ಗೆದ್ದ ಮದ್ದೂ ಇದೆ. ಆದಿರೇಖೆಯ ಬೆನ್ನಲ್ಲೇ ಮೂಡುವ ನರನಾಳ, ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಮಗುವಿನ ಬೆನ್ನುಹುರಿ ಅಥವಾ ಮಿದುಳು ಊನವಾಗುತ್ತದೆ. ಹಿಂದೆ ಇಂಥ ಗರ್ಭ ಧರಿಸಿದ್ದ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲ 1991ರಲ್ಲಿ ಪ್ರಕಟವಾಯಿತು. ಫೋಲಿಕ್ ಆಮ್ಲ ಪಡೆದವರಲ್ಲಿ ಈ ಊನ ಸುಮಾರು ಮುಕ್ಕಾಲು ಪಾಲು ತಗ್ಗಿತ್ತು. ಬಸಿರು ತಿಳಿದ ಮೇಲೆ ಶುರುಮಾಡಿದರೆ ಹೊತ್ತು ಮೀರಿರಬಹುದು. ಮಗು ಬೇಕೆಂದುಕೊಂಡ ದಂಪತಿ ಮೊದಲೇ ವೈದ್ಯರನ್ನು ಕೇಳಬೇಕು. ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ.

ವಿದ್ಯಾರ್ಥಿಗಳೇ, ಏನನ್ನೇ ಕೇಳಿದರೂ ಎರಡು ಪ್ರಶ್ನೆ ಹಾಕಿ: ಅದು ಇದೆಯೇ? ಇದ್ದರೆ, ಅದು ಕೆಲಸ ಮಾಡುತ್ತದೆ ಎಂದು ಯಾರು ಹೇಗೆ ನೋಡಿದರು? ಈ ಮನೆಗೆ ಹೋಗಿ ಅಕ್ಕಂದಿರಿಗೆ, ಅತ್ತಿಗೆಯಂದಿರಿಗೆ ಫೋಲಿಕ್ ಆಮ್ಲದ ಮಾತನ್ನೂ ಹೇಳಿ.